ಸಂಯಮಿ ಸದಸ್ಯ

"ನಿಲ್ಲಿಸಿದ್ರೆ ಹಿಡಿಯುತ್ತೆ," ಎಂದರು ಎರಡನೇ ಮಹಡಿಯ ಹಲ್ಲಿನ ಡಾಕ್ಟರು, ಲಿಫ್ಟಿನ ಬಾಗಿಲಿಗೆ ಮೊಣಕೈ ಅಡ್ಡಕೊಟ್ಟು. ಸ್ಟ್ರೆಚರಿನ ತಲೆಯ ಕಡೆ ಲಿಫ್ಟಿನ ಹಿಂಗೋಡೆಗೆ ಬಡಿದು ನಿಂತಿತ್ತು, ಕಾಲಿನ ಕಡೆ ಇನ್ನೂ ಕಾರಿಡಾರಿನಲ್ಲೇ ಇತ್ತು.

"ಸತ್ತೋರನ್ನ ನಿಲ್ಲಿಸೋಕೆ ಇದೇನು ಚುನಾವಣೆನಾ ಡಾಕ್ಟ್ರೇ?" ಎಂದರು ನಾಲ್ಕನೇ ಮಹಡಿಯ ವಕೀಲರು.

"ಸ್ವಲ್ಪ ಓರೆ ಮಾಡಿ ನೋಡೋಣ ಸಾರ್," ಎಂದ ನೆಲಮಾಳಿಗೆಯ ಜೆರಾಕ್ಸಿನವನು.

ಓರೆ ಮಾಡಿದರು. ಓರೆ ಮಾಡಿದರೂ ಒಂದು ಮೊಳ ಹೊರಗೇ ಉಳಿಯಿತು. ಬಾಗಿಲು ಬಹಳ ಹೊತ್ತು ತೆರೆದಿದ್ದಕ್ಕೆ ಲಿಫ್ಟು ಕೀ ಕೀ ಎಂದು ಕೂಗಿಕೊಳ್ಳತೊಡಗಿತು. ಬದುಕಿದ್ದಿದ್ದರೆ ಸ್ಟ್ರೆಚರಿನ ಮೇಲಿದ್ದವರು ಇಷ್ಟು ಹೊತ್ತಿಗೆ, "ಒಳಗೆ ಬನ್ನಿ, ಇಲ್ಲ ಹೊರಗಿರಿ, ಬಾಗಿಲಲ್ಲಿ ಸಂಸಾರ ಮಾಡ್ಬೇಡಿ," ಎಂದು ಗದರಿರುತ್ತಿದ್ದರು. ಆ ಕಟ್ಟಡದಲ್ಲಿ ಈ ಮಾತು ಕೇಳಿಸಿಕೊಳ್ಳದವರು ಯಾರೂ ಇರಲಿಲ್ಲ.

ಜೀವಮಾನವಿಡೀ ಊರ ಮಂದಿಯನ್ನೆಲ್ಲ ಹತ್ತಿಸಿ ಇಳಿಸಿದ ಲಿಫ್ಟಿನವರು ಕೊನೆಗೆ ಮೆಟ್ಟಿಲಲ್ಲೇ ಇಳಿಯಬೇಕೆಂದು ತೀರ್ಮಾನವಾಯಿತು. ಆದರೆ ಹೆಣದ ಗಾಡಿಯವನು ದಾರಿಯಲ್ಲೆಲ್ಲೋ ಸಿಕ್ಕಿಹಾಕಿಕೊಂಡಿದ್ದ. ಹೊತ್ತವರು ಸ್ಟ್ರೆಚರನ್ನು ಮತ್ತೆ ಮೇಲಕ್ಕೆ, ಲಿಫ್ಟಿನ ಯಂತ್ರದ ಕೋಣೆಗೆ ಒರಗಿಕೊಂಡಂತಿದ್ದ ಲಿಫ್ಟಿನವರ ಎರಡು ಕೋಣೆಯ ಮನೆಗೆ ತಂದು, ಇದ್ದ ಜಾಗದಲ್ಲೇ ಇಟ್ಟರು. ಹೋದವರು ಮರೆತ ಸಾಮಾನಿಗೆ ವಾಪಸು ಬಂದ ಹಾಗಿತ್ತು.

ಮಗಳು ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತಿದ್ದಳು. ಬೆಳಗಿನ ಬಸ್ಸಿಗೆ ಬಂದಿದ್ದಳು. ಅಳು ಬಂದಿರಲಿಲ್ಲ, ಬರಿಸಿಕೊಳ್ಳಲೂ ಹೋಗಿರಲಿಲ್ಲ. ಒಳಗೆ ಕಾಲಿಟ್ಟಾಗ ಅವಳ ಕಣ್ಣು ಮೊದಲು ಹೋದದ್ದು ಅಪ್ಪನ ಮುಖಕ್ಕಲ್ಲ, ಅವರ ತಲೆಯ ಮೇಲಿನ ಗೋಡೆಗೆ. ಅಲ್ಲಿ ಕಟ್ಟು ಹಾಕಿಸಿದ ಪ್ರಶಸ್ತಿಪತ್ರಗಳು ಸಾಲಾಗಿ ತೂಗುತ್ತಿದ್ದವು, ವರ್ಷಕ್ಕೊಂದರಂತೆ. ಎಲ್ಲದರಲ್ಲೂ ಅದೇ ಭೂತಗನ್ನಡಿಯ ಚಿತ್ರ, ಅದೇ ದಪ್ಪಕ್ಷರದ ಬಿರುದು: 'ಸಂಯಮಿ ಸದಸ್ಯ'. ಸಾಲಿನ ನಡುವೆ ಒಂದು ಕಡೆ ಮಾತ್ರ ಪತ್ರವಿರಲಿಲ್ಲ. ಬರೀ ಮೊಳೆ ಇತ್ತು.

ಆ ಮೊಳೆ ಅವಳದು.

*

ಅಂಚೆಯಲ್ಲಿ ಬರುವ ಪತ್ತೇದಾರಿ ಪುಸ್ತಕಗಳ ಕೂಟವೊಂದಕ್ಕೆ ಅಪ್ಪ ಸೇರಿದ್ದು ಅವಳಿನ್ನೂ ಅಕ್ಷರ ತಿದ್ದುತ್ತಿದ್ದಾಗ. 'ತಿಂಗಳಿಗೊಂದು ಕೊಲೆ, ನಿಮ್ಮ ಮನೆಬಾಗಿಲಿಗೆ' ಎಂಬುದು ಕೂಟದ ಜಾಹೀರಾತು. ಮನೆಬಾಗಿಲಿಗೆ ಬರುತ್ತಿದ್ದ ಕೊಲೆಗೆ ಒಂದು ನಿಯಮವಿತ್ತು. ಪುಸ್ತಕದ ಕೊನೆಯ ಅಧ್ಯಾಯವನ್ನು ಹಳದಿ ಕಾಗದದ ಪಟ್ಟಿ ಸುತ್ತಿ ಅಂಟಿಸಿರುತ್ತಿದ್ದರು. ಪಟ್ಟಿ ಹರಿದರೆ ಪುಸ್ತಕವೂ ನಿಮ್ಮದು, ಬೆಲೆಯೂ ನಿಮ್ಮ ತಲೆಗೆ. ಹರಿಯದೆ ತಿಂಗಳೊಳಗೆ ವಾಪಸು ಕಳಿಸಿದರೆ ಬೆಲೆ ಮಾಫಿ. ವರ್ಷವಿಡೀ ಒಂದೂ ಪಟ್ಟಿ ಹರಿಯದ ಮಹಾತ್ಮರಿಗೆ ಪ್ರಶಸ್ತಿಪತ್ರ, ಕೂಟದ ಪತ್ರಿಕೆಯಲ್ಲಿ ಫೋಟೋ.

ಕೊಲೆಗಾರ ಯಾರೆಂದು ತಿಳಿಯದೆ ಯಾವನಿಗೆ ನಿದ್ದೆ ಬರುತ್ತದೆ ಎಂಬ ಧೈರ್ಯದ ಮೇಲೆ ಕೂಟದವರು ಅಂಗಡಿ ತೆರೆದಿದ್ದರು. ಲಿಫ್ಟಿನವರಂಥವರನ್ನು ಅವರು ನೋಡಿರಲಿಲ್ಲ. ಅಪ್ಪ ಮೊದಮೊದಲು ಬೆಲೆಗೆ ಹೆದರಿ ಹರಿಯಲಿಲ್ಲ. ಆಮೇಲೆ ಪ್ರಶಸ್ತಿಪತ್ರಕ್ಕಾಗಿ ಹರಿಯಲಿಲ್ಲ. ಕೊನೆಕೊನೆಗೆ ಪುಸ್ತಕವೆಂದರೆ ಹಳದಿ ಪಟ್ಟಿಯವರೆಗೆ ಎಂದೇ ಆಗಿಹೋಯಿತು. ಲಿಫ್ಟಿನೊಳಗಿನ ಸ್ಟೂಲಿನ ಮೇಲೆ ಕೂತು, ಒಂದು ಮಹಡಿಯಿಂದ ಇನ್ನೊಂದಕ್ಕೆ ಅರ್ಧ ಪುಟದಂತೆ ಓದುತ್ತಿದ್ದರು. ಪಟ್ಟಿ ಮುಟ್ಟುತ್ತಿದ್ದಂತೆ ಪುಸ್ತಕ ಮುಚ್ಚಿ, ಕಾಗದ ಸುತ್ತಿ, ದಾರ ಬಿಗಿದು ಮನೆಯ ಗೂಡಿನಲ್ಲಿಡುತ್ತಿದ್ದರು. ಅಂಚೆಗೆ ಹಾಕುವುದು ಮಾರನೆಯ ದಿನ.

"ಕೊನೆ ಗೊತ್ತಾಗ್ಲೇಬೇಕು ಅಂತ ಒದ್ದಾಡೋದು ಸಣ್ಣ ಜನರ ಲಕ್ಷಣ," ಎನ್ನುತ್ತಿದ್ದರು. "ನಾನು ಎಷ್ಟು ಹೆಣ ನೋಡಿದ್ದೀನಿ, ಒಬ್ಬ ಕೊಲೆಗಾರನ್ನೂ ನೋಡಿಲ್ಲ. ನಾನೇನು ಸತ್ತುಹೋದ್ನಾ?"

ಪುಸ್ತಕದಲ್ಲಿ ಸಿಗದ ಕೊಲೆಗಾರರನ್ನು ಅವರು ಲಿಫ್ಟಿನಲ್ಲಿ ಹುಡುಕುತ್ತಿದ್ದರು. ಊಟಕ್ಕೆ ಕೂತಾಗ ವರದಿ ಶುರುವಾಗುತ್ತಿತ್ತು. "ಮೂರನೇ ಮಹಡಿ ವಿಮೆಯವನು ಎಡಗೈಲಿ ಕೊಡೆ ಹಿಡೀತಾನೆ, ಗೊತ್ತಾ?"

"ಹಿಡೀಲಿ ಬಿಡಿ. ಅವನ ಕೈ, ಅವನ ಕೊಡೆ," ಎನ್ನುತ್ತಿದ್ದಳು ಅಮ್ಮ.

ಅಮ್ಮ ಕಟ್ಟಡದ ಆಫೀಸುಗಳಿಗೆಲ್ಲ ಚಹಾ ಮಾಡಿಕೊಡುತ್ತಿದ್ದಳು. ಹಗಲೆಲ್ಲ ಒಲೆಯ ಮೇಲೆ ಕೆಟಲು, ಅಡುಗೆಕೋಣೆಯ ತುಂಬ ಹಬೆ. ಐದು ಮಹಡಿಗಳಲ್ಲೂ ಅವಳು ಬಂದದ್ದೂ ಹೋದದ್ದೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಜಿನ ಮೇಲೆ ಲೋಟ ಕಂಡಾಗ ಬಂದಿದ್ದಳೆಂದು ತಿಳಿಯಬೇಕು, ಅಷ್ಟೆ.

*

ಗಾಡಿಗಿಂತ ಮೊದಲು ಅಂಚೆಯವನು ಬಂದ. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಬಾಗಿಲ ಮುಂದಿನ ಚಪ್ಪಲಿಗಳ ರಾಶಿ ನೋಡಿ ಹೊಸ್ತಿಲಲ್ಲೇ ನಿಂತ.

"ಛೇ. ಮೊನ್ನೆ ಕೂಡ ಫೋನ್ ಮಾಡಿ, ಈ ತಿಂಗಳಿಂದು ಬಂತಾ ಅಂತ ಕೇಳಿದ್ರು," ಎಂದು ಚೀಲದಿಂದ ಕಟ್ಟೊಂದನ್ನು ತೆಗೆದ. "ಈಗ ಇದನ್ನೇನು ಮಾಡ್ಲಿ? ವಿಳಾಸದಾರರು ತೀರಿಕೊಂಡ್ರು ಅಂತ ಬರೆದು ವಾಪಸ್ ಕಳಿಸ್ಲಾ?"

"ಕಳಿಸ್ಬೇಡಪ್ಪ," ಎಂದಳು ಅಮ್ಮ ಅಡುಗೆಕೋಣೆಯಿಂದ, ತಲೆಯನ್ನೂ ಹೊರಗೆ ಹಾಕದೆ. "ಗೂಡಲ್ಲಿಡು."

ಮಗಳು ಸಹಿ ಹಾಕಿ ತೆಗೆದುಕೊಂಡಳು. ಅಂಚೆಯವನು ಸ್ಟ್ರೆಚರಿನ ಮುಂದೆ ಒಂದು ಗಳಿಗೆ ಟೋಪಿ ತೆಗೆದು ನಿಂತು, ಮಿಕ್ಕ ಮನೆಗಳ ನೆನಪಾಗಿ ಹೊರಟುಹೋದ.

ಕಟ್ಟು ಕಂಡದ್ದೇ ತಡ, ಬಾಡಿಗೆ ಕುರ್ಚಿಗಳಲ್ಲಿ ಕೂತವರಿಗೆ ಮಾತು ಸಿಕ್ಕಿತು. ಸತ್ತವರ ಮನೆಯಲ್ಲಿ ಮಾತಿಗೆ ಒಂದು ಗೂಟ ಸಿಕ್ಕಿದರೆ ಸಾಕು, ಎಲ್ಲರೂ ಬಂದು ಕಟ್ಟಿಕೊಳ್ಳುತ್ತಾರೆ.

"ಸಾರ್, ನಾನೂ ಈ ಕ್ಲಬ್ಬಿಗೆ ಸೇರೋಣ ಅಂತಿದ್ದೆ," ಎಂದ ಜೆರಾಕ್ಸಿನವನು. "ಏನಾದ್ರೂ ಪ್ರಯೋಜನ ಇದೆಯಾ?"

"ಕೊನೆ ಅಂಟಿಸಿರೋ ಪುಸ್ತಕ ಅಂದ್ರೆ ತೀರ್ಪಿಲ್ಲದ ಕೇಸು," ಎಂದರು ವಕೀಲರು. "ಅದರಲ್ಲಿ ಲಾಭ ಏನಿದ್ರೂ ವಕೀಲರಿಗೆ."

"ಹಾಗೇನಿಲ್ಲ. ನಾನು ಸೇರಿದ್ದೆ, ಇವರ ಮಾತು ಕೇಳಿ," ಎಂದು ಹಲ್ಲಿನ ಡಾಕ್ಟರು ಸ್ಟ್ರೆಚರಿನತ್ತ ಗದ್ದ ತೋರಿದರು. "ಮೊದಲನೇ ಪುಸ್ತಕದ ಪಟ್ಟಿ ಅವತ್ತೇ ಹರಿದೆ. ಎರಡನೇದೂ ಹರಿದೆ. ಮಾರನೇ ದಿನ ಲಿಫ್ಟಲ್ಲಿ ನನ್ನ ಮುಖ ನೋಡಿ, 'ಹರಿದ್ರಿ ತಾನೆ?' ಅಂದ್ರು. ನಾಲ್ಕು ಜನರ ಎದುರಿಗೆ. ಬಾಯಿ ಬಿಡಿಸೋದು ನನ್ನ ಕಸುಬು, ನನ್ನ ಬಾಯಿ ಮುಚ್ಚಿಹೋಯ್ತು. ಕ್ಲಬ್ಬಿಗೆ ಕೈಮುಗಿದೆ."

"ಕತೆ ಹೇಗಿತ್ತು ಸಾರ್?"

"ಕತೆಗೇನು, ಚೆನ್ನಾಗೇ ಇತ್ತು. ಒಂದು ಹಡಗು. ಕ್ಯಾಪ್ಟನ್ನಿಗೆ ಯಾರೋ ವಿಷ ಹಾಕಿರ್ತಾರೆ. ಕೊನೇಲಿ ನೋಡಿದ್ರೆ ಅಡುಗೆಯವನು..."

"ಅಡುಗೆಯವನಲ್ಲ," ಎಂದಳು ಅಮ್ಮ. ಯಾರು ಬೇಡವೆಂದರೂ ಕೇಳದೆ ಚಹಾ ಮಾಡಿ ತಟ್ಟೆ ಹಿಡಿದು ಬಂದಿದ್ದಳು. "ಪಾಪ, ಅವನ ತಲೆಗೆ ಸುಮ್ನೆ ಕಟ್ತಾರೆ. ಹಾಕಿದ್ದು ಕ್ಯಾಪ್ಟನ್ನಿನ ಹೆಂಡ್ತಿ. ತಗೊಳ್ಳಿ, ಇದು ಸಕ್ಕರೆ ಇಲ್ಲದ್ದು."

"ಹಾಂ, ಹೆಂಡ್ತಿ, ಹೆಂಡ್ತಿ," ಎಂದರು ಡಾಕ್ಟರು ಲೋಟ ತೆಗೆದುಕೊಳ್ಳುತ್ತ. "ಎಷ್ಟು ವರ್ಷ ಆಯ್ತು ನೋಡಿ, ನನಗೇ ಮರೆತುಹೋಗಿತ್ತು."

ಲೋಟಗಳು ಹಂಚಿಹೋದವು. ಮಗಳೂ ಒಂದು ತೆಗೆದುಕೊಂಡಳು. ಚಹಾ ತಂದವರು ಆಡಿದ ಮಾತನ್ನು ಆ ಕಟ್ಟಡದಲ್ಲಿ ಯಾರೂ ಎಂದೂ ಗಮನಿಸಿದವರಲ್ಲ.

*

ಮೊಳೆಯ ವರ್ಷ ಅವಳ ಶಾಲೆಯ ಕೊನೆಯ ವರ್ಷ. ಆ ವರ್ಷದ ಪುಸ್ತಕಗಳೆಲ್ಲ ಹೋದ ಹಾಗೆಯೇ ಕೂಟಕ್ಕೆ ಸೇರಿ, ಕೊನೆಯದೊಂದು ಮಾತ್ರ ತಿರುಗಿ ಬಂತು. ಜೊತೆಗೊಂದು ಅಚ್ಚಾದ ಚೀಟಿ: ಪಟ್ಟಿಯನ್ನು ತೆರೆದು ಮತ್ತೆ ಅಂಟಿಸಲಾಗಿದೆ. ಸದಸ್ಯರಿಂದ ಇಂಥ ವರ್ತನೆಯನ್ನು ನಿರೀಕ್ಷಿಸಿರಲಿಲ್ಲ.

ಅಪ್ಪ ಲಿಫ್ಟಿನ ಸ್ಟೂಲನ್ನು ಮನೆಗೆ ತಂದು ಅದರ ಮೇಲೆ ಕೂತರು. ಓದಿದ ಎಲ್ಲ ಪುಸ್ತಕಗಳ ಎಲ್ಲ ಪತ್ತೇದಾರರೂ ಅವರ ಮೈಮೇಲೆ ಬಂದಿದ್ದರು.

"ಮನೇಲಿರೋದು ಮೂರು ಜನ. ನಾನು ತೆಗೆದಿಲ್ಲ. ನಿಮ್ಮಮ್ಮ ಪೇಪರ್ ಕೂಡ ಮುಟ್ಟೋಳಲ್ಲ. ಉಳಿದೋರು ಯಾರು?"

"ನಾನಲ್ಲಪ್ಪ. ಅಂಚೇಲಿ ಏನಾದ್ರೂ ಆಗಿರ್ಬಹುದು."

"ಸಿಕ್ಕಿಬಿದ್ದೋರು ಎಲ್ಲರೂ ಮೊದಲು ಹೇಳೋದು ಅದೇ," ಎಂದರು ಅಪ್ಪ. ಒಬ್ಬನೇ ಒಬ್ಬ ಸಿಕ್ಕಿಬಿದ್ದದ್ದನ್ನೂ ಓದಿರದ ಮನುಷ್ಯ.

ವಿಚಾರಣೆ ಬಹಳ ಹೊತ್ತು ನಡೆಯಿತು. ಅವಳು ಅತ್ತಳು, ಅಳುವುದು ಅಪರಾಧಿಯ ಲಕ್ಷಣ ಎಂದರು. ಸುಮ್ಮನಾದಳು, ಮೌನ ಒಪ್ಪಿಗೆ ಎಂದರು. ಅಡುಗೆಕೋಣೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅಮ್ಮ ಕೊನೆಗೆ, "ಒಪ್ಕೊಂಡ್ಬಿಡೇ ಅತ್ಲಾಗೆ. ಊಟ ಆರ್ತಿದೆ," ಎಂದಳು.

ಒಪ್ಪಿಕೊಂಡಳು. ಅಪ್ಪ ಹೇಳಿಬರೆಸಿದರು, ಅವಳು ತನ್ನ ದುಂಡು ಅಕ್ಷರದಲ್ಲಿ ಬರೆದಳು: ಕುತೂಹಲವನ್ನು ತಡೆಯಲಾರದೆ ನಾನೇ ತೆರೆದೆ, ನನ್ನ ತಂದೆಯವರು ನಿರ್ದೋಷಿಗಳು. ಕೂಟದವರು ದೊಡ್ಡ ಮನಸ್ಸು ಮಾಡಿ ಸದಸ್ಯತ್ವ ಉಳಿಸಿದರು, ಪ್ರಶಸ್ತಿಪತ್ರ ಕೊಡಲಿಲ್ಲ. ಅಪ್ಪ ಮಾತ್ರ ಮೊಳೆ ಹೊಡೆದರು. "ನೋಡಿದಾಗೆಲ್ಲ ನೆನಪಿರ್ಲಿ," ಎಂದರು.

ನೆನಪನ್ನು ಗೋಡೆಗಷ್ಟೇ ಬಿಟ್ಟಿದ್ದರೆ ಆಗುತ್ತಿತ್ತು. ಟೈಪಿಂಗ್ ಕಲಿತ ಮೇಲೆ ಅವಳಿಗೆ ನಾಲ್ಕನೇ ಮಹಡಿಯಲ್ಲಿ ಕೆಲಸ ಬಹುಮಟ್ಟಿಗೆ ಖಾತ್ರಿಯಾಗಿತ್ತು. ವಕೀಲರು ಲಿಫ್ಟಿನಲ್ಲಿ ಸುಮ್ಮನೆ ಮಾತಿಗೆ, "ಮಗಳು ಹೇಗೆ?" ಎಂದು ಕೇಳಿದರು. "ಕೈ ಚುರುಕು ಸಾರ್," ಎಂದರು ಅಪ್ಪ. "ಆದ್ರೆ ಮುಚ್ಚಿಟ್ಟಿದ್ದು ಅವಳ ಹತ್ರ ನಿಲ್ಲಲ್ಲ. ನನ್ನ ಮಗಳು ಅಂತ ನಾನು ಸುಳ್ಳು ಹೇಳೋನಲ್ಲ." ವಕೀಲರ ಕಚೇರಿ ಎಂದರೆ ಮುಚ್ಚಿದ ಲಕೋಟೆಗಳ ಕಪಾಟು. ಕೆಲಸ ಬೇರೆಯವರಿಗೆ ಹೋಯಿತು, ಸುದ್ದಿ ಎಲ್ಲ ಮಹಡಿಗೂ ಹೋಯಿತು. ಹಲ್ಲಿನ ಡಾಕ್ಟರು ಅವಳನ್ನು ಕಂಡಾಗಲೆಲ್ಲ, "ಏನಮ್ಮ ಕೊನೆಪುಟದ ಕಳ್ಳಿ," ಎಂದು ಪ್ರೀತಿಯಿಂದಲೇ ಕರೆಯತೊಡಗಿದರು.

ಅವಳು ಬೇರೆ ಊರಿಗೆ ಹೋದಳು. ಈಗ ದೊಡ್ಡ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಅಪರಿಚಿತರು ಮುಚ್ಚಿ ತಂದುಕೊಟ್ಟ ಬಾಟಲಿಗಳನ್ನು ಬೆಳಗಿನಿಂದ ಸಂಜೆಯವರೆಗೆ ತೆರೆಯುವುದೇ ಅವಳ ಉದ್ಯೋಗ; ಅದಕ್ಕೆ ಸಂಬಳವನ್ನೂ ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಊರಿಗೆ ಬಂದರೆ, ಅವಳು ಕೂತ ಕೋಣೆಯಲ್ಲಿ ಅಪ್ಪ ಪುಸ್ತಕದ ಕಟ್ಟನ್ನು ಬಿಟ್ಟುಹೋಗುತ್ತಿರಲಿಲ್ಲ. ಬಚ್ಚಲಿಗೆ ಹೋಗುವಾಗಲೂ ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಿದ್ದರು.

ಹೋದ ತಿಂಗಳು, ಅವರು ಹಾಸಿಗೆ ಹಿಡಿದ ಮೇಲೆ, ಅವಳು ಕೇಳಿಯೇಬಿಟ್ಟಿದ್ದಳು. "ಅಪ್ಪಾ, ಅವತ್ತು ನಾನು ತೆಗೆದಿರ್ಲಿಲ್ಲ. ಈಗಲಾದ್ರೂ ನಂಬ್ತೀರಾ?"

ಅಪ್ಪ ಮೊಳೆಯ ಕಡೆ ನೋಡಿದರು. "ಬಿಡು," ಎಂದರು. "ನಾನು ಯಾವತ್ತೋ ಕ್ಷಮಿಸಿದ್ದೀನಿ."

ಬೇಕಾದದ್ದು ಕ್ಷಮೆಯಲ್ಲ. ಅವಳಿಗೆ ಈ ಮನೆಯಿಂದ ಬೇಕಾಗಿದ್ದದ್ದು ಒಂದೇ, ನೀನಲ್ಲ ಎಂಬ ಮಾತು. ಅದನ್ನು ಹೇಳಬೇಕಾದವರು ಈಗ ಸ್ಟ್ರೆಚರಿನ ಮೇಲೆ ಗಾಡಿಗೆ ಕಾಯುತ್ತಿದ್ದರು.

*

ಗಾಡಿ ಬಂತು. ಮೆಟ್ಟಿಲು ಇಳಿಯುವಾಗ ಒಂದೊಂದು ಮಹಡಿಯ ತಿರುವಿನಲ್ಲೂ ಹೊತ್ತವರು ದಣಿವಾರಿಸಿಕೊಂಡರು. ಒಂದೊಂದು ಮಹಡಿಯಲ್ಲೂ ಆಫೀಸಿನವರು ಬಾಗಿಲಿಗೆ ಬಂದು ನಿಂತರು. ಕೆಲವರ ಕೈಯಲ್ಲಿ ಅಮ್ಮನ ಚಹಾದ ಲೋಟವಿತ್ತು. ಈ ಜನಕ್ಕೆಲ್ಲ ಯಾವಾಗ ಕೊಟ್ಟುಬಂದಳೋ.

ನಾಲ್ಕನೇ ಮಹಡಿಯ ತಿರುವಿನಲ್ಲಿ ವಕೀಲರು ಅವಳ ಪಕ್ಕಕ್ಕೆ ಬಂದರು. "ನಿಮ್ಮಪ್ಪನಂಥ ಪ್ರಾಮಾಣಿಕ ಮನುಷ್ಯ ಇನ್ನು ಸಿಗಲ್ಲಮ್ಮ. ಹೆತ್ತ ಮಗಳ ವಿಷಯದಲ್ಲೂ ಸುಳ್ಳು ಹೇಳ್ಲಿಲ್ಲ ನೋಡು."

ಹೊಗಳಿಕೆಯೆಂದೇ ತಿಳಿದು ಹೇಳಿದ್ದರು. ಅವಳು ತಲೆಯಾಡಿಸಿದಳು.

ಮೂರನೇ ಮಹಡಿಯ ಹತ್ತಿರ ಹಿಂದಿನಿಂದ ಜೆರಾಕ್ಸಿನವನ ದನಿ ಕೇಳಿಸಿತು. "ಆದ್ರೂ ಸಾರ್, ಅಷ್ಟು ವರ್ಷ ಓದಿ ಒಂದು ಕೊನೇನೂ ಗೊತ್ತಿಲ್ಲದೆ ಹೋದ್ರಲ್ಲ. ಆ ಹಡಗಿಂದೂ ಗೊತ್ತಿರ್ಲಿಲ್ಲ ಅನ್ನಿ."

"ಎಲ್ಲಿಂದ ಗೊತ್ತಾಗ್ಬೇಕು? ಒಂದ್ಸಲ ಲಿಫ್ಟಲ್ಲಿ ಹೇಳೋಕೆ ಹೋದೆ, ಎರಡೂ ಕಿವಿ ಮುಚ್ಕೊಂಡ್ರು," ಎಂದರು ಡಾಕ್ಟರು. "ಮಧ್ಯದಲ್ಲಿ ಲಿಫ್ಟ್ ನಿಲ್ಲಿಸಿ ಕಿವಿ ಮುಚ್ಕೊಂಡ್ರು."

ಅವಳ ಕಾಲು ಮೆಟ್ಟಿಲ ಮೇಲೆ ನಿಂತಿತು. ಅಪ್ಪನಿಗೆ ಗೊತ್ತಿರಲಿಲ್ಲ. ಓದಿದ್ದ ಡಾಕ್ಟರಿಗೆ ಮರೆತುಹೋಗಿತ್ತು. ಹಾಗಾದರೆ ಕ್ಯಾಪ್ಟನ್ನಿನ ಹೆಂಡತಿಯ ವಿಷಯ ಅಮ್ಮನಿಗೆ ಹೇಳಿದವರು ಯಾರು?

ಡಾಕ್ಟರೇ ಯಾವತ್ತೋ ಚಹಾ ಕುಡಿಯುತ್ತ ಹೇಳಿರಬಹುದು. ಎರಡನೇ ಮಹಡಿಯವರೆಗೆ ಅವಳು ಹಾಗೆಂದುಕೊಂಡೇ ಇಳಿದಳು. ಒಂದನೇ ಮಹಡಿಯ ಹೊತ್ತಿಗೆ ಅದು ಸವೆದುಹೋಗಿತ್ತು. ಮನೇಲಿರೋದು ಮೂರು ಜನ. ಇಷ್ಟು ವರ್ಷ ಅಂಚೆಯವರನ್ನು, ಕೂಟದವರನ್ನು, ಅಂಟಿನ ಕಾರ್ಖಾನೆಯವರನ್ನು ಶಂಕಿಸಿದ್ದಳು. ಚಹಾ ಕೊಡುವವಳನ್ನು ಅವಳೂ ನೋಡಿರಲಿಲ್ಲ. ಅಪ್ಪನ ಮಗಳೇ.

ಕೆಳಗೆ ಗಾಡಿಯ ಬಾಗಿಲು ಹಾಕಿದರು. ಉಳಿದ ಕೆಲಸಗಳು ಆಗಬೇಕಾದ ಹಾಗೆ ಆದವು. ವಕೀಲರು ನಾಲ್ಕು ಮಾತಾಡಿದರು, ಮೂರರಲ್ಲಿ ಸಂಯಮ ಎಂಬ ಪದವಿತ್ತು.

*

ಸಂಜೆಗೆ ಕುರ್ಚಿಗಳು ವಾಪಸು ಹೋದವು. ಅಮ್ಮ ಲೋಟಗಳನ್ನು ತೊಳೆದು ಬೋರಲು ಹಾಕಿ, ಮತ್ತೆ ಕೆಟಲಿಟ್ಟಳು. ಮಗಳು ಗೂಡಿನಿಂದ ಕಟ್ಟು ತಂದು ದಾರ ಬಿಚ್ಚಿದಳು. ಹೊಸ ಪುಸ್ತಕದ ವಾಸನೆ ಬಂತು. ಕೊನೆಯ ಪುಟಗಳ ಮೇಲೆ ಹಳದಿ ಪಟ್ಟಿ ಬಿಗಿಯಾಗಿ ಕೂತಿತ್ತು.

"ಚಾಕು ಎಲ್ಲಿದೆಯಮ್ಮ?"

"ಯಾಕೆ?"

"ಇದನ್ನ ಕೊಯ್ತೀನಿ. ಹೆಸರಂತೂ ಬಂದಾಗಿದೆ, ಕೆಲಸಾನೂ ಒಂದ್ಸಲ ಮಾಡ್ಬಿಡ್ತೀನಿ." ಚಾಕು ಅವಳ ಕಣ್ಣೆದುರಿಗೇ ಇತ್ತು. ತೆಗೆದು ಪಟ್ಟಿಯ ಅಂಚಿಗೆ ಮೊನೆ ತಾಗಿಸಿದಳು.

"ಅಯ್ಯೋ, ಹಾಗಲ್ಲ ಕಣೇ. ಹರಿದುಹೋಗುತ್ತೆ. ಕೊಡಿಲ್ಲಿ," ಎಂದಳು ಅಮ್ಮ.

ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಕೆಟಲಿನ ಮೂತಿಯಿಂದ ಒಂದು ಗೇಣು ದೂರದಲ್ಲಿ ಹಿಡಿದು, ರೊಟ್ಟಿ ಕಾಯಿಸುವವರ ಹಾಗೆ ಅತ್ತ ಇತ್ತ ತಿರುವಿದಳು. ತುಟಿ ಅಲುಗುತ್ತಿತ್ತು, ಏನನ್ನೋ ಎಣಿಸುತ್ತಿದ್ದಳು. ಆಮೇಲೆ ತಲೆಯಿಂದ ಹೇರ್‌ಪಿನ್ನೊಂದನ್ನು ಕಿತ್ತು, ಅದರ ಬಾಗಿದ ತುದಿಯನ್ನು ಪಟ್ಟಿಯ ಕೆಳಗೆ ತೂರಿಸಿ ಒಂದೇ ಸಲ ಎಳೆದಳು. ಪಟ್ಟಿ ಇಡಿಯಾಗಿ ಬಿಟ್ಟುಕೊಂಡಿತು. ಅಂಟಿನ ಬದಿ ಮೇಲೆ ಮಾಡಿ ಅದನ್ನು ತಟ್ಟೆಯ ಅಂಚಿಗೆ ಒರಗಿಸಿಟ್ಟು, ಒಲೆಯ ಪಕ್ಕದಲ್ಲೇ ನಿಂತು ಕೊನೆಯ ಅಧ್ಯಾಯ ಓದತೊಡಗಿದಳು. ಪೇಪರ್ ಕೂಡ ಮುಟ್ಟದವಳು ಸರಸರನೆ ಪುಟ ತಿರುವಿದಳು.

"ಕೊಂದಿದ್ದು ತಮ್ಮ," ಎಂದಳು ಮುಗಿಸಿ. "ನನಗೆ ಮೊದಲಿನ ಕತೆ ಏನೂ ಗೊತ್ತಿರಲ್ಲ. ಮುನ್ನೂರು ಪುಟ ಓದೋಕೆ ಯಾರಿಗಿದೆ ಪುರುಸೊತ್ತು? ಆದ್ರೂ ಹೇಳ್ತೀನಿ ಕೇಳು, ಹೊರಗಿನೋರು ಯಾವತ್ತೂ ಇರಲ್ಲ. ಮನೆಯೋರೇ ಇರ್ತಾರೆ."

ಆಗ ಪುಸ್ತಕ ಮುಚ್ಚುತ್ತಿದ್ದ ಅಮ್ಮನ ಕೈ ನಿಂತಿತು. ಕೆಟಲು ಸದ್ದು ಮಾಡುತ್ತಲೇ ಇತ್ತು. ಮಗಳು ಚಾಕುವನ್ನು ಕೆಳಗಿಟ್ಟಿರಲಿಲ್ಲ.

"ಆ ಸಲ ಯಾಕೆ ಸರಿಯಾಗಿ ಅಂಟಲಿಲ್ಲ?"

ಅಮ್ಮ ಪುಸ್ತಕದಿಂದ ತಲೆಯೆತ್ತಲಿಲ್ಲ. "ಅವರು ಅಂಟು ಬದಲಾಯಿಸಿದ್ರು. ನನಗೇನು ಗೊತ್ತು."

"ನೀನು ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ನೀನು ಇವತ್ತಲ್ಲ ನಾಳೆ ಹೊರಗೆ ಹೋಗೋಳು," ಎಂದಳು ಅಮ್ಮ. "ನಾನು ಇಲ್ಲೇ ಇರ್ಬೇಕಿತ್ತು. ಆ ಸ್ಟೂಲಿನ ಎದುರಿಗೆ."

ಅಮ್ಮ ತಟ್ಟೆಯ ಅಂಚಿನಿಂದ ಪಟ್ಟಿ ತೆಗೆದು, ಬೆಳಕಿಗೆ ಹಿಡಿದು ನೋಡಿ, ಇದ್ದ ಗುರುತಿನ ಮೇಲೆಯೇ ಕೂರಿಸಿದಳು. ಹೆಬ್ಬೆರಳಿನಿಂದ ಈ ತುದಿಯಿಂದ ಆ ತುದಿಯವರೆಗೆ ಒತ್ತಿದಳು. ಬಿಸಿ ಚಹಾದ ಲೋಟವನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟು ತೆಗೆದಳು. ಪುಸ್ತಕವನ್ನು ಅದರ ಕಾಗದದಲ್ಲೇ ಸುತ್ತಿ, ದಾರಕ್ಕೆ ಅಪ್ಪನ ಗಂಟು ಹಾಕಿದಳು. ಅವರ ಗಂಟೇ, ಎರಡು ಸುತ್ತು, ಒಂದು ಮಡಿಕೆ.

"ನಾಳೆ ಬಸ್ಸಿಗೆ ಹೋಗ್ತಾ ಅಂಚೆಗೆ ಹಾಕ್ಬಿಡು," ಎಂದು ಮಗಳ ಕೈಗಿಟ್ಟಳು. "ಈ ವರ್ಷದ್ದು ಇದೊಂದೇ ಬಾಕಿ. ಕಳಿಸಿದ್ರೆ ಪ್ರಶಸ್ತಿಪತ್ರ ಬರುತ್ತೆ."

ಆಮೇಲೆ ಸುತ್ತಿಗೆ ಹುಡುಕಲು ಹೋದಳು. ಸಾಲಿನ ಕೊನೆಯಲ್ಲಿ ಇನ್ನೊಂದು ಮೊಳೆಗೆ ಜಾಗವಿತ್ತು.